ನಿಮ್ಮ ಹೆಸರಿನಲ್ಲಿ ಓಡಿದ ಕಿಲೋಮೀಟರ್

ನೀವು ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳಿದ್ದರು — ಅದನ್ನು ನಿಮ್ಮಿಂದ ಮುಚ್ಚಿಟ್ಟವಳು ನಾನು, ನಿಮ್ಮ ಹೆಂಡತಿ. ಎದುರಿಗೆ ಹೇಳಲು ಹೋದಾಗಲೆಲ್ಲ ಮಾತು ಬೇರೆ ಕಡೆ ಹೊರಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ದೊಡವಾಡದ ತಿರುವಿನಲ್ಲಿ ಬೈಕಿನಿಂದ ಬಿದ್ದು ನೀವು ಕಾಲು ಮುರಿದುಕೊಂಡಾಗ ನಮ್ಮಿಬ್ಬರಿಗೂ ಕಂಪನಿಯ ಆ್ಯಪ್‌ನದೇ ಹೆದರಿಕೆ. ದನದ ಹಿಂಡಿ ಮಾರಲು ನೀವು ಸುತ್ತಿದ ದಾರಿಯನ್ನೆಲ್ಲ ಫೋನಿನಲ್ಲಿ ಅದು ಅಳೆಯುತ್ತಿತ್ತು. ಸುತ್ತಾಟ ನಿಂತರೆ ಕೆಲಸವೂ ಹೋಗುತ್ತಿತ್ತು. ನೀವೇ ಫೋನನ್ನು ನನ್ನ ಕೈಗಿಟ್ಟಿರಿ. "ನಿನಗ ಗಾಡಿ ಬರತೈತಲ್ಲ, ಸ್ವಲ್ಪ ದಿನ ಸುತ್ತಿ ಬಾ. ಯಾರರೆ ಕೇಳಿದ್ರ ನನ್ನ ಹೆಸರ ಹೇಳು."

ಮೊದಲ ದಿನ ಬೈಲಹೊಂಗಲದ ಅಂಗಡಿಗಳಿಂದ ಒಂದು ಆರ್ಡರೂ ಸಿಗದೆ ಮರಳಿದೆ. ಆಮೇಲೆ ಹೂಲಿಯಲ್ಲಿ ಅಂಗಡಿ ಬಿಟ್ಟು ಎಮ್ಮೆ ಕಟ್ಟಿದ ಹಿತ್ತಿಲುಗಳಿಗೇ ಹೋದೆ. "ಹಾಲು ಇಳದೈತೇನ್ರಿ, ಅಕ್ಕಾರ?" ಎಂದರೆ ಸಾಕು, ಹೆಂಗಸರು ಕೂರಿಸಿಕೊಂಡು ಮಾತಾಡುತ್ತಿದ್ದರು, ಮರುವಾರ ಅಂಗಡಿಯಲ್ಲಿ ನಮ್ಮ ಹಿಂಡಿಯನ್ನೇ ಕೇಳುತ್ತಿದ್ದರು. ಸಂಜೆ ಆ್ಯಪ್ ತೆರೆದರೆ ನಾನು ತಿರುಗಿದ ದಾರಿ ನೀಲಿ ಗೆರೆಯಾಗಿ ಕಾಣುತ್ತಿತ್ತು. ಮೇಲೆ ನಿಮ್ಮ ಹೆಸರು — ಆದರೂ ನನ್ನ ಎದೆ ಉಬ್ಬುತ್ತಿತ್ತು.

ಆಗಲೇ ನಿಮ್ಮ ಎಕ್ಸ್‌ರೇ ಹಿಡಿದು ನಾನೊಬ್ಬಳೇ ಧಾರವಾಡಕ್ಕೆ ಹೋದದ್ದು. "ಎಲುಬು ಚಲೋ ಕೂಡೇತಿ. ಇನ್ನ ಗಾಡಿ ಹೊಡೀಲಿ ಬಿಡ್ರಿ," ಎಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ಖುಷಿಯಾಗಬೇಕಿತ್ತು — ಆಗಲಿಲ್ಲ. ಮನೆಗೆ ಬಂದು ನಿಮಗೆ ಹೇಳಿದೆ: "ಇನ್ನೂ ಒಂದೆರಡ ತಿಂಗಳ ಗಾಡಿ ಮುಟ್ಟಬ್ಯಾಡ ಅಂದಾರ್ರಿ."

ನೀವು ನಂಬಿದಿರಿ.

ಆ ತಿಂಗಳುಗಳಲ್ಲೇ ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳು ನನಗೆ ಒಲಿದವು. ನೀವು ಮತ್ತೆ ಕೆಲಸಕ್ಕೆ ಹೋದ ಮೇಲೆ ಬೆಳಗಾವಿಯಲ್ಲಿ ಕಂಪನಿಯ ಸಭೆ. ನನ್ನನ್ನೂ ಕರೆದುಕೊಂಡು ಹೋಗಿದ್ದಿರಿ. ಎಲ್ಲರಿಗಿಂತ ಹೆಚ್ಚು ಮಾರಿದವರೆಂದು ನಿಮ್ಮ ಹೆಸರು ಕೂಗಿದಾಗ ನೀವು ಎದ್ದು ನಿಂತು, "ಸರ, ಅಷ್ಟೂ ತಿರುಗಿದಾಕಿ ಈಕಿ, ನಾ ಅಲ್ರಿ," ಎಂದಿರಿ. ಸಾಹೇಬರು ಮೊದಲು ಇಬ್ಬರಿಗೂ ಬೈದರು. ಆಮೇಲೆ ನನ್ನ ಕಡೆ ತಿರುಗಿದರು: "ಇನ್ನ ಮುಂದ ನಿಮ್ಮ ಹೆಸರಿಲೇನ ತಿರಗತೀರೇನ್ರಿ?" ಇಡೀ ಸಭೆ ಚಪ್ಪಾಳೆ ತಟ್ಟಿತು. ನನ್ನದೇ ಹೆಸರಿನ ಆ್ಯಪ್ ಒತ್ತಿ ಹೊರಟ ಆ ಮೊದಲ ಬೆಳಗ್ಗೆ ಮುನವಳ್ಳಿ ದಾಟುವವರೆಗೂ ನಾನೊಬ್ಬಳೇ ಜೋರಾಗಿ ಹಾಡುತ್ತಿದ್ದೆ. ಇಂದು ಆ ಇಡೀ ಭಾಗದ ಮಾರಾಟ ನನ್ನ ಕೈಯಲ್ಲಿದೆ. ಈ ಗೆಲುವಿಗಾಗಿ ನಾನು ನಾಚುವುದಿಲ್ಲ.

ಆದರೆ ನಿಮ್ಮ ಹೆಸರನ್ನು ನೀವು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಿರಲ್ಲ — ಕೇಳಿದ್ದರೆ ಆ ದಾರಿಯನ್ನೂ ಕೊಡುತ್ತಿದ್ದಿರೇನೋ. ನಾನು ಕೇಳಲಿಲ್ಲ. ಆ ತಿಂಗಳುಗಳಲ್ಲೇ ಒಂದು ಸಂಜೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ನೀವು, "ನನ್ನ ಕಾಲು ಇನ್ನ ಮೊದಲಿನಂಗ ಆಗೂದಿಲ್ಲೇನು?" ಎಂದು ಕೇಳಿದ್ದಿರಿ. ಉತ್ತರ ಗೊತ್ತಿತ್ತು ನನಗೆ. ತಿರುಗಿ ನೋಡದೆ ರೊಟ್ಟಿ ಬಡಿಯುತ್ತಲೇ ಇದ್ದೆ.

ಓದಿ ಮುಗಿಸಿ ಒಳಗೆ ಬನ್ನಿ. ನೀವು ಏನೇ ಅಂದರೂ ಕೇಳಲು ಕೂತಿದ್ದೇನೆ.