ತನ್ನ ಲೇಖನವನ್ನು ತಾನೇ ಹಿಂಪಡೆದ ಚೀಟಿ ಅಕ್ಕ

ಬೆಳಗಿನ ಐದೂಮುಕ್ಕಾಲು. ಪ್ರಯೋಗಾಲಯದ ಕಾರಿಡಾರಿನಲ್ಲಿ ಇನ್ನೂ ಒಂದೇ ದೀಪ. ಚೀಟಿ ಅಕ್ಕ ಬಿಳಿ ಕೋಟು ತೊಟ್ಟು, ನಿನ್ನೆ ಸಂಜೆಯಿಂದ ಗುಂಯ್‌ಗುಡುತ್ತಿರುವ ಯಂತ್ರದ ಮುಂದೆ ಕೂರುತ್ತಾರೆ. ರಕ್ತದ ಹನಿಯಲ್ಲಿ ಯಾವ ಪ್ರೋಟೀನು ಎಷ್ಟಿದೆ ಎಂದು ಅಳೆದು ಹೇಳುವ ಯಂತ್ರ ಅದು. ಅದು ಕೊಡುವ ರಾಶಿ ಅಂಕಿಗಳಲ್ಲಿ ಯಾವುದು ಯಾರ ರಕ್ತದ್ದು ಎಂದು ಗುರುತು ಹಚ್ಚಿ, ಹತ್ತು ವರ್ಷ ಬಿಟ್ಟು ಯಾರು ಹುಡುಕಿದರೂ ಸಿಗುವಂತೆ ಕಂಪ್ಯೂಟರಿನಲ್ಲಿ ಜೋಡಿಸಿಡುವುದು ಇವರ ಕೆಲಸ. ಚೀಟಿ ಅಂಟಿಸದ ಶೀಶೆ ಕಂಡರೆ ಪ್ರಾಧ್ಯಾಪಕರನ್ನೂ ಬಿಡುವುದಿಲ್ಲ. ಆ ಅಡ್ಡಹೆಸರು ಬಂದದ್ದೇ ಹಾಗೆ.

"ಅಂಕಿ ಸುಳ್ಳು ಹೇಳಲ್ಲ ಅಂತಾರೆ. ಚೀಟಿ ತಪ್ಪಿದ್ರೆ ಅದೂ ಹೇಳುತ್ತೆ," ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಹತ್ತೊಂಬತ್ತು ವರ್ಷಗಳಿಂದ ಇದೇ ಕುರ್ಚಿ. ವರ್ಷಕ್ಕೊಮ್ಮೆ ನವೀಕರಿಸುವ ನೌಕರಿ. ದಿನಕ್ಕೆ ಇನ್ನೂರು ಕಡತಗಳ ಪರಿಶೀಲನೆ. ಹೆಸರಿರುವ ಸಂಶೋಧನಾ ಲೇಖನಗಳು ನಲವತ್ತೊಂದು. ಅವುಗಳಲ್ಲಿ ನಲವತ್ತರಲ್ಲಿ ಹೆಸರು ಎಲ್ಲೋ ನಡುವೆ, ಒಂಬತ್ತನೆಯದೋ ಹದಿನಾಲ್ಕನೆಯದೋ. ಮನೆಯಲ್ಲಿ ಅವರ ಅಮ್ಮ ಭೂತಗನ್ನಡಿ ಹಿಡಿದು, ಸಾಲಿನ ಮೇಲೆ ಬೆರಳಾಡಿಸಿ ಹುಡುಕುತ್ತಾರೆ. "ಗುಂಪಲ್ಲಿ ಗೋವಿಂದ ಆಗ್ಬಿಟ್ಟೆಯಲ್ಲೇ," ಎಂದು ಛೇಡಿಸುತ್ತಾರೆ.

ಒಂದರಲ್ಲಿ ಮಾತ್ರ ಹೆಸರು ಮೊದಲಿಗೆ ಬಂತು. ಮೂತ್ರಪಿಂಡ ಕೆಡುತ್ತಾ ಹೋದಂತೆ ರಕ್ತದಲ್ಲಿ ಒಂದು ಪ್ರೋಟೀನು ಇಳಿಯುತ್ತದೆ ಎಂಬ ಲೇಖನ. ಮೊದಲ ಹೆಸರು ಅಂದರೆ ಕೆಲಸ ನಿಮ್ಮದು ಎಂದರ್ಥ. ಕಾಯಂ ಹುದ್ದೆಗೆ ಅರ್ಜಿ ಹಾಕಲು ಅಂಥದೊಂದು ಲೇಖನ ಬೇಕೇ ಬೇಕು. ಅಕ್ಕ ಅರ್ಜಿ ಹಾಕಿದರು, ಸಂದರ್ಶನದ ದಿನವೂ ಗೊತ್ತಾಯಿತು.

ಅದಕ್ಕೆ ಒಂದು ತಿಂಗಳಿರುವಾಗ, ಆ ಲೇಖನದ ಅಂಕಿಗಳನ್ನು ಎಲ್ಲರಿಗೂ ತೆರೆದಿರುವ ಅಂತರ್ಜಾಲ ಭಂಡಾರಕ್ಕೆ ಸೇರಿಸುತ್ತಿದ್ದರು. ಕಳಿಸುವ ಮುಂಚೆ ಗಂಡಸರ ರಕ್ತದಲ್ಲಷ್ಟೇ ಹೆಚ್ಚಾಗಿ ಕಾಣುವ ಒಂದು ಪ್ರೋಟೀನನ್ನು ನೋಡುವುದು ಇವರ ವಾಡಿಕೆ. ಅದು ಹೆಂಗಸೆಂದು ಬರೆದ ಸಾಲಿನಲ್ಲಿ ಕಂಡಿತು. ಮತ್ತೊಂದರಲ್ಲೂ ಕಂಡಿತು. ಹಳೆಯ ದಾಖಲೆ ತೆರೆದು ಸಾಲುಸಾಲಾಗಿ ಹೋಲಿಸಿದರು.

ರಕ್ತ ಹಾಕುವ ಪ್ಲಾಸ್ಟಿಕ್ ತಟ್ಟೆಗೆ ತೊಂಬತ್ತಾರು ಗುಳಿಗಳು. ನಲವತ್ತೆಂಟು ರೋಗಿಗಳು, ನಲವತ್ತೆಂಟು ಆರೋಗ್ಯವಂತರು. ತಟ್ಟೆಯ ಒಂದು ಮೂಲೆ ಕತ್ತರಿಸಿರುತ್ತದೆ, ಯಾವ ಕಡೆ ಮುಂದೆಂದು ತಿಳಿಯಲು. ಆ ಲೇಖನಕ್ಕಾಗಿ ರಕ್ತ ಅಳೆದ ದಿನ ಯಂತ್ರದೊಳಗೆ ಆ ಮೂಲೆ ಹಿಂದೆ ಹೋಗಿತ್ತು. ಮೊದಲನೆಯವನು ಕೊನೆಯವನಾಗಿ, ರೋಗಿಗಳೆಲ್ಲ ಆರೋಗ್ಯವಂತರ ಸಾಲಿಗೆ ಬಂದು ಕೂತಿದ್ದರು. ಇಳಿಯುತ್ತದೆ ಎಂದು ಬರೆದದ್ದು ನಿಜದಲ್ಲಿ ಏರುತ್ತಿತ್ತು. ತಟ್ಟೆ ಇಟ್ಟದ್ದು ಅಕ್ಕನ ಕೈಯೇ.

"ನಂಬಕ್ಕಾಗ್ಲಿಲ್ಲ. ಎಲ್ಲರಿಗೂ ಬೈದು ಬೈದು ಕಲಿಸಿದ್ದು ನಾನು. ಮೂಲೆ ನೋಡ್ರೋ, ಮೂಲೆ ನೋಡ್ರೋ ಅಂತ," ಎನ್ನುವಾಗ ದನಿ ಇಳಿಯುತ್ತದೆ.

ಅಕ್ಕನ ಗಂಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. ತಾವು ಅಂದು ಹೇಳಿದ್ದನ್ನು ಅವರು ಮರೆಮಾಚುವುದಿಲ್ಲ. "ಒಂದು ತಿಂಗಳು ಸುಮ್ನಿರು, ಸಂದರ್ಶನ ಮುಗೀಲಿ, ಆಮೇಲೆ ಬರಿ ಅಂದೆ. ನಿನ್ನ ಕಾಲ ಮೇಲೆ ನೀನೇ ಯಾಕೆ ಕಲ್ಲು ಹಾಕ್ಕೋತೀಯ ಅಂತ. ತಪ್ಪೇನು ಹೇಳಿ? ಹತ್ತೊಂಬತ್ತು ವರ್ಷ ನೋಡಿದೀನಿ ನಾನು."

ತಪ್ಪಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಎಲ್ಲೋ ಒಂದು ಆಸ್ಪತ್ರೆ ಆ ಲೇಖನವನ್ನು ನಂಬಿ ರಕ್ತಪರೀಕ್ಷೆಯೊಂದನ್ನು ಸಿದ್ಧಪಡಿಸುತ್ತಿತ್ತು. ಅದು ಬಳಕೆಗೆ ಬಂದರೆ ಕಾಯಿಲೆ ಇದ್ದವರನ್ನು ಏನೂ ಇಲ್ಲವೆಂದು ಮನೆಗೆ ಕಳಿಸುತ್ತಿತ್ತು. ಅಕ್ಕ ಮರುದಿನವೇ ಪ್ರಾಧ್ಯಾಪಕರಿಗೆ ತಿಳಿಸಿ, ಲೇಖನವನ್ನು ಹಿಂಪಡೆಯುತ್ತಿದ್ದೇನೆಂದು ಅದು ಅಚ್ಚಾಗಿದ್ದ ಸಂಶೋಧನಾ ಪತ್ರಿಕೆಗೂ ಆ ಆಸ್ಪತ್ರೆಗೂ ಕಾಗದ ಬರೆದರು. 'ತಾಂತ್ರಿಕ ಕಾರಣ' ಎಂದು ಬರೆದರೆ ಸಾಕೆಂದು ಪ್ರಾಧ್ಯಾಪಕರು ಸೂಚಿಸಿದ್ದರು. ಇವರು 'ತಟ್ಟೆಯನ್ನು ನಾನು ತಿರುಗುಮುರುಗಾಗಿ ಇಟ್ಟೆ' ಎಂದೇ ಬರೆದರು.

ಸಂದರ್ಶನಕ್ಕೂ ಹೋದರು. ಪ್ರಕಟಣೆಗಳ ಪಟ್ಟಿಯಲ್ಲಿ ಆ ಲೇಖನ ಹಾಗೇ ಇತ್ತು, ಪಕ್ಕದಲ್ಲಿ 'ಹಿಂಪಡೆಯಲಾಗಿದೆ' ಎಂಬ ಮಾತು. ಅದನ್ನು ತೆಗೆದುಹಾಕಬಹುದಿತ್ತಲ್ಲ ಎಂದು ಸಮಿತಿಯವರೊಬ್ಬರು ಕೇಳಿದರಂತೆ. "ತೆಗೆದ್ರೆ ಅದನ್ನ ಓದಿದವರಿಗೆ ತಪ್ಪು ಅಂತ ಗೊತ್ತಾಗೋದು ಹೇಗೆ ಸಾರ್, ಅಂದೆ," ಎನ್ನುತ್ತಾರೆ ಅಕ್ಕ. ಸಮಿತಿ ತಲೆದೂಗಿತು. ಹುದ್ದೆ ಬೇರೆಯವರಿಗೆ ಹೋಯಿತು.

ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ. ಅವರಿಗೆ ಬಂದಂತಿಲ್ಲ. ಯಂತ್ರ ನಿಂತಿದೆ, ಹೊಸ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದಾರೆ. ಬೇಸರವಿಲ್ಲವೇ ಎಂದು ಕೇಳುತ್ತೇನೆ.

"ಇಲ್ದೆ ಏನು? ಅತ್ತಿದೀನಿ," ಎನ್ನುತ್ತಾರೆ. ತಟ್ಟೆಯನ್ನು ಒಳಗಿಟ್ಟು ಮುಚ್ಚಳ ಹಾಕುತ್ತಾರೆ. "ಆದ್ರೆ ಅಷ್ಟು ಜನ ತೋಳು ಚಾಚಿ ರಕ್ತ ಕೊಟ್ಟಿದ್ದು ನನ್ನ ಹೆಸರು ಮೊದಲು ಬರ್ಲಿ ಅಂತ ಅಲ್ವಲ್ಲ."