ಬೆಟ್ಟಕ್ಕೆ ಬೆನ್ನು ಹಾಕಿ ನಿಲ್ಲುವ ಪುಟ್ಟಸಿದ್ದಯ್ಯ

ಬೆಳಗಿನ ಜಾವ ಐದೂ ಮುಕ್ಕಾಲು. ಫೋರ್ಟ್ ಕೊಚ್ಚಿಯ ಕಡಲ ದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಪುಟ್ಟಸಿದ್ದಯ್ಯ, ಹುಲ್ಲಿನ ಗಾಡಿ ಬಿಗಿಯುವ ದಪ್ಪ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾರೆ. ಒಂದು ತುದಿಯನ್ನು ದಂಡೆಯ ಬಂಡೆಗೆ ಮೂರು ಸುತ್ತು ಸುತ್ತಿ ಗಂಟು ಹಾಕಿ, ಆ ಗಂಟನ್ನು ಕಾಲಿನಿಂದ ಒದ್ದು ನೋಡುತ್ತಾರೆ. ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೇ ಬಿಗಿದುಕೊಂಡು ನೀರಿಗೆ ಇಳಿಯುತ್ತಾರೆ. ತೊಡೆಮಟ್ಟ ನೀರಿನಲ್ಲಿ ಕಾಲು ಅಗಲಿಸಿ ನಿಂತ ಮೇಲೆಯೇ ದಂಡೆಯ ಕಡೆಗೆ ಕೂಗುತ್ತಾರೆ: "ಈಗ ಬನ್ನಿ. ಒಬ್ಬೊಬ್ರೇ. ಹಗ್ಗ ಬುಟ್ರೆ ನನ್ನಾಣೆ!"

ಬರುವವರು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಜನ. ಮುಕ್ಕಾಲು ಪಾಲು ಮಂದಿ ಸಮುದ್ರ ಕಾಣುತ್ತಿರುವುದು ಇದೇ ಮೊದಲು. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಹಗ್ಗ ಹಿಡಿದು ಸಾಲಾಗಿ ನಿಂತು ಎಲ್ಲರೂ ಒಮ್ಮೆಲೇ ದಂಡೆಯ ಕಡೆಗೆ, ಊರಿನ ದಿಕ್ಕಿಗೆ ತಿರುಗುತ್ತಾರೆ. ನಾನೂರು ಕಿಲೋಮೀಟರು ಆಚೆ ಆ ದಿಕ್ಕಿನಲ್ಲಿ ಮಲೆ ಮಹದೇಶ್ವರ ಬೆಟ್ಟವಿದೆ. "ಉಘೇ ಮಾದಪ್ಪಾ" ಎಂದು ಕೈ ಮುಗಿದು ಮೂರು ಮುಳುಗು ಹಾಕುತ್ತಾರೆ. ನಲವತ್ತೆಂಟು ಮುಖ ಬೆಟ್ಟದ ಕಡೆಗೆ ಇರುವಾಗ ಒಂದೇ ಒಂದು ಮುಖ ಕಡಲ ಕಡೆಗೆ ಇರುತ್ತದೆ. ಅದು ಪುಟ್ಟಸಿದ್ದಯ್ಯನದು. "ಬಂತು, ಇಡ್ಕಳಿ!" ಎಂದು ಅವರು ಕೂಗಿದಾಗ ಹಗ್ಗ ಬಿಗಿಯಾಗುತ್ತದೆ, ಅಲೆ ಬಂದು ಬಡಿದು ಹೋಗುತ್ತದೆ, "ಈಗ ಮುಳುಗಿ" ಎಂದಾಗ ಜನ ಮುಳುಗುತ್ತಾರೆ.

ಇವತ್ತು ಒಬ್ಬರು ಮಾತ್ರ ನೀರಿಗೆ ಇಳಿದಿಲ್ಲ. ಮುಳ್ಳೂರಿನ ಶಿವರತ್ನಮ್ಮ, ವಯಸ್ಸು ಅರವತ್ತಾರು. ಬಟ್ಟೆಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಬಂಡೆಯ ಪಕ್ಕ ಕೂತಿದ್ದಾರೆ. ಅವರು ನೋಡುತ್ತಿರುವುದು ಕಡಲನ್ನೋ ಪುಟ್ಟಸಿದ್ದಯ್ಯನನ್ನೋ ಹೇಳುವುದು ಕಷ್ಟ.

ಕೊಚ್ಚಿಯಲ್ಲಿ ನೋಡಲೇಬೇಕಾದ ಹತ್ತು ಜಾಗ ಯಾವುವು ಎಂದು ಮೊಬೈಲಿನಲ್ಲಿ ಹುಡುಕಿದರೆ ಚೀನೀ ಬಲೆ ಬರುತ್ತದೆ, ಮಟ್ಟಾಂಚೇರಿಯ ಅರಮನೆ ಬರುತ್ತದೆ, ಯೆಹೂದ್ಯರ ಪ್ರಾರ್ಥನಾ ಮಂದಿರ, ಬಂದರಿನ ಹಡಗು, ದೋಣಿ ಸವಾರಿ ಎಲ್ಲವೂ ಬರುತ್ತವೆ. ಆ ಹತ್ತನ್ನೂ ನಮ್ಮ ಜನರಿಗೆ ತೋರಿಸಿ, ಕರೆದುಕೊಂಡು ಹೋದಷ್ಟೇ ತಲೆಗಳನ್ನು ವಾಪಸು ತಂದು ಬಿಡುವ ಈ ಮನುಷ್ಯನ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಜನರನ್ನು ಕರೆತರುವ ಪ್ರವಾಸದ ಬಸ್ಸಿನ ದಾಖಲೆಯಲ್ಲಿ ಅವರು ಬರೀ 'ಕ್ಲೀನರ್'.

ಪುಟ್ಟಸಿದ್ದಯ್ಯನಿಗೆ ಈಗ ಐವತ್ತೆಂಟು. ಹನೂರು ತಾಲ್ಲೂಕಿನ ಕಾಡಂಚಿನ ಹೂಗ್ಯಂನವರು. ಗಡಿಯ ಊರಾದ್ದರಿಂದ ತಮಿಳು ನಾಲಗೆಯ ಮೇಲೇ ಇದೆ. ಮಲಯಾಳ ಬರುವುದಿಲ್ಲ. "ತಮಿಳ್ನೇ ವಸಿ ಮೂಗಲ್ಲಿ ಮಾತಾಡ್ತಿನಿ ಸಾ, ಅವ್ರ್ಗ ಅರ್ಥ ಆಯ್ತದೆ" ಎನ್ನುತ್ತಾರೆ. ಈಜು ಬರುತ್ತದೆಯೇ ಎಂದರೆ ಅದೂ ಇಲ್ಲ. "ಕೆರೇಲಿ ಎಮ್ಮೆ ತೊಳೆಯೋಕೆ ಇಳ್ದಿದ್ದಷ್ಟೇಯ. ಎಮ್ಮೆಗೆ ಬರೋ ಈಜೂ ನಂಗ ಬರಕಿಲ್ಲ."

ಕೊಳ್ಳೇಗಾಲದಿಂದ ಬಸ್ಸು ಹೊರಡುವುದು ಮಧ್ಯಾಹ್ನ. ಕತ್ತಲಾಗುವ ಮುಂಚೆ ದಿಂಬಂ ಘಾಟಿ ಇಳಿಯಬೇಕು, ಇಲ್ಲವಾದರೆ ಕಾಡಿನ ಗೇಟು ಮುಚ್ಚಿಬಿಡುತ್ತದೆ. ಚಕ್ರಕ್ಕೆ ನಿಂಬೆಹಣ್ಣು ಇಡುವುದರಿಂದ ಹಿಡಿದು ಅಡುಗೆಗೆ ನೀರು ಹೊರುವುದು, ವಾಂತಿ ಮಾಡಿಕೊಂಡವರ ಮುಖ ಒರೆಸುವುದು, ಇಪ್ಪತ್ತು ಬಕೆಟ್ಟು ನೀರಿನಲ್ಲಿ ಬಸ್ಸು ತೊಳೆಯುವುದು ಎಲ್ಲವೂ ಇವರ ಪಾಲಿಗೇ. ವರ್ಷಕ್ಕೆ ಹದಿನಾಲ್ಕು ಟ್ರಿಪ್ಪು. ದಿನಕ್ಕೆ ಹನ್ನೊಂದು ಸಲ ತಲೆ ಎಣಿಕೆ. "ಒಂದ್ಸಲಿ ಎಣಿಸ್ಬುಟ್ಟು ಮತ್ತ ಹಿಂದಿಂದ ಎಣಿಸ್ತಾನೆ. ಪಕ್ಕಾ ಅನುಮಾನದ ಗಿರಾಕಿ" ಎಂದು ಛೇಡಿಸುವವರು ಡ್ರೈವರ್ ಚಿನ್ನಸ್ವಾಮಿ. ಇಬ್ಬರದೂ ಹದಿನೈದು ವರ್ಷದ ಜೊತೆ.

ಊರು ತೋರಿಸುವುದರಲ್ಲೂ ಇವರದು ಒಂದು ಬಗೆ. ಅರಮನೆಯ ಮುಂದೆ ಇಳಿಸುವ ಮುಂಚೆ ಬಸ್ಸಿನಲ್ಲೇ ಎಚ್ಚರಿಸುತ್ತಾರೆ: "ಮೈಸೂರು ಅರಮನೆಯ ತಲೇಲಿ ಇಟ್ಕಂಡು ಇಳೀಬೇಡಿ. ಇದು ನಮ್ಮ ಸಾಹುಕಾರ್ರ ಮನೆಯಷ್ಟಿದ್ದದು. ಗೋಡೆ ಮ್ಯಾಲಿನ ರಾಮಾಯಣವ ನೋಡಿ, ಅದು ದೊಡ್ಡದು." ಚೀನೀ ಬಲೆಯ ಮುಂದೆ ಮಾತ್ರ ಏನೂ ಹೇಳದೆ ಸುಮ್ಮನೆ ನಿಲ್ಲುತ್ತಾರೆ. ಉದ್ದನೆಯ ಮರ, ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ತೂಕಕ್ಕೆ ಕಟ್ಟಿದ ಕಲ್ಲುಗುಂಡು. ಅರೆಗಳಿಗೆಯಲ್ಲಿ ಯಾರಾದರೂ ಒಬ್ಬರು ಮುದುಕರು "ಅಯ್ಯೋ ಶಿವನೆ, ಇದು ನಮ್ಮ ನೀರೆತ್ತೋ ಏತ ಅಲ್ವೇನ್ಲಾ!" ಎಂದು ಹೇಳಿಯೇ ಹೇಳುತ್ತಾರೆ. ಆ ಮಾತು ಬರುವವರೆಗೂ ಪುಟ್ಟಸಿದ್ದಯ್ಯ ಜನರನ್ನು ಅಲ್ಲಿಂದ ಹೊರಡಿಸುವುದಿಲ್ಲ.

ಇವರೊಡನೆ ಒಂದು ದಿನ ಓಡಾಡಿದರೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಎಲ್ಲಿಗೆ ಹೋಗಬೇಕೆಂದು ಯಾರೇ ಕೇಳಲಿ, ಇವರು ಕೈ ಚಾಚಿ ದಿಕ್ಕು ತೋರಿಸುವುದಿಲ್ಲ. ಶೌಚಾಲಯ ಎಲ್ಲಿ ಎಂದರೂ ಮುಂದೆ ನಡೆದು ಬಾಗಿಲವರೆಗೆ ಬಿಟ್ಟು ಬರುತ್ತಾರೆ. ದಿನಕ್ಕೆ ಹೀಗೆ ನಲವತ್ತು ಐವತ್ತು ಸಲ. ಕಾಲು ನೋಯುವುದಿಲ್ಲವೇ ಎಂದು ಕೇಳಿದರೆ, "ಕೈ ತೋರ್ಸೋದ ಬುಟ್ಟು ಹತ್ತೊಂಬತ್ತು ವರ್ಸ ಆಯ್ತು ಸಾ" ಎಂದಷ್ಟೇ ಹೇಳುತ್ತಾರೆ.

ಆ ವರ್ಷ ಅವರು ಬಸ್ಸಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಕೊಚ್ಚಿಗೆ ಅದು ಎರಡನೆಯ ಟ್ರಿಪ್ಪು. ಬೆಳಿಗ್ಗೆ ಜನ ಕಡಲಿಗೆ ಇಳಿದರು. ನಮ್ಮ ಕಡೆಯ ಪದ್ಧತಿ ಗೊತ್ತೇ ಇದೆ. ಹೊಳೆಯಿರಲಿ ಕೊಳವಿರಲಿ, ಮಾದಪ್ಪನ ಬೆಟ್ಟದ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಮೂರು ಮುಳುಗು ಹಾಕಬೇಕು. ಕೊಳದ ನೀರು ಇದ್ದಲ್ಲೇ ಇರುತ್ತದೆ, ಹಿಂದಿನಿಂದ ಎದ್ದು ಬರುವುದಿಲ್ಲ. ಕಡಲ ಮಗ್ಗುಲಲ್ಲಿ ಹುಟ್ಟಿದ ಮೀನುಗಾರರ ಕೂಸೂ ಅಲೆಗೆ ಬೆನ್ನು ಕೊಡುವುದಿಲ್ಲ, ನಮ್ಮವರಿಗೆ ಅದು ಗೊತ್ತಿರಲಿಲ್ಲ.

"ಮುಳ್ಳೂರಿನ ದೊಡ್ಡಮಾದಪ್ಪಾರು ಕೇಳುದ್ರು, 'ಲೇ ಸಿದ್ದ, ಬೆಟ್ಟ ಯಾವ ಕಡೆಗ ಬತ್ತದ್ಲಾ?' ಅಂತ. ನಾನೇ ದೊಡ್ಡ ಮನುಷ್ಯನಂಗ ಕೈ ಚಾಚಿ, 'ಅಕಾ, ಅಲ್ಲಿ' ಅಂದೆ. ಎಲ್ರೂ ಅತ್ತಗೇ ತಿರುಗುದ್ರು, ನಾನೂವೆ. ಮೂರ್ನೇ ಮುಳುಗ್ಗ ಅವ್ರು ಕೂತ್ರು ಸಾ. ಹಿಂದ್ಲಿಂದ ಅಲೆ ಬಂತು. ನಾವೆಲ್ಲ ಬಿದ್ದು ಎದ್ವಿ. ಅವ್ರು ಏಳ್ನಿಲ್ಲ." ಮೀನುಗಾರರು ಅವರನ್ನು ದಂಡೆಗೆ ತಂದಾಗ ಮಧ್ಯಾಹ್ನವಾಗಿತ್ತು.

ದೊಡ್ಡಮಾದಪ್ಪ ಶಿವರತ್ನಮ್ಮನ ಗಂಡ. ಆ ಸಲ ಮನೆಯ ಎಮ್ಮೆ ಈಯುವುದಿತ್ತೆಂದು ಶಿವರತ್ನಮ್ಮ ಊರಲ್ಲೇ ಉಳಿದಿದ್ದರು. ಹೊರಟ ಗಂಡ ಜಗಲಿ ಇಳಿದು "ಓಗ್ಬತ್ತಿನಿ" ಎಂದಿದ್ದ, ಇವರು ಎಮ್ಮೆಯ ಬಳಿಯಿಂದಲೇ "ಓಗ್ಬಾ" ಎಂದಿದ್ದರು. ಹೋದವನು ಬರಲಿಲ್ಲ. ಆವತ್ತಿನಿಂದ ಶಿವರತ್ನಮ್ಮ ಯಾರಿಗೂ ಆ ಮಾತು ಹೇಳುವುದಿಲ್ಲ. ಹೆತ್ತ ಮಗಳು ಮಧುಶ್ರೀ ಗಂಡನ ಮನೆಗೆ ಹೊರಟಾಗಲೂ ತಲೆ ಸವರಿ ಒಳಗೆ ಹೋಗಿಬಿಟ್ಟರಂತೆ.

ಮೂರನೆಯ ದಿನ ಪುಟ್ಟಸಿದ್ದಯ್ಯ ಮುಳ್ಳೂರಿಗೆ ಹೋಗಿ, ದಿಕ್ಕು ತೋರಿಸಿದವನು ನಾನೇ ಎಂದು ತಾವಾಗಿಯೇ ಹೇಳಿಕೊಂಡರು. ಬೈದಿದ್ದರೆ, ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ಶಿವರತ್ನಮ್ಮ ಒಂದು ಮಾತೂ ಆಡಲಿಲ್ಲ. ಅಂದಿನಿಂದ ಪ್ರತಿ ಟ್ರಿಪ್ಪಿನ ಬೆಳಿಗ್ಗೆ ಇವರು ಆ ಜಗಲಿಯ ಮುಂದೆ ನಿಂತು "ಅಕ್ಕಾ, ಓಗ್ಬತ್ತಿನಿ ಕನಕ್ಕ" ಎನ್ನುತ್ತಾರೆ. ಒಳಗಿನಿಂದ ಮಾತು ಬರುವುದಿಲ್ಲ. ಕೊರೊನಾದಿಂದ ಬಸ್ಸು ನಿಂತೇ ಹೋಗಿದ್ದ ಎರಡು ವರ್ಷ ಬಿಟ್ಟರೆ ಇನ್ನೂರ ಮೂವತ್ತಕ್ಕೂ ಹೆಚ್ಚು ಸಲ ಹೀಗೆ ಕೇಳಿ, ಉತ್ತರವಿಲ್ಲದೆಯೇ ಹೊರಟಿದ್ದಾರೆ. ಈ ಹಗ್ಗ ಹಿಡಿದು ಹನ್ನೊಂದು ಸಾವಿರ ಜನ ಮುಳುಗಿ ಎದ್ದಿದ್ದಾರೆ, ಒಂದು ತಲೆಯೂ ಕಮ್ಮಿಯಾಗಿಲ್ಲ. ಆದರೆ ಆ ಲೆಕ್ಕ ಅವರಿಗೆ ಸಾಲದು. "ಆವಕ್ಕ ಒಂದ್ಸಲಿ 'ಓಗ್ಬಾ' ಅನ್ಬೇಕು ಸಾ. ಅದೊಂದು ಬುಟ್ರ ಬ್ಯಾರೆ ಏನೂ ಬ್ಯಾಡ" ಎನ್ನುತ್ತಾರೆ.

ಇಷ್ಟು ವರ್ಷ ಅವರು ಒಮ್ಮೆಯೂ ಬೆಟ್ಟದ ಕಡೆ ತಿರುಗಿ ಮುಳುಗು ಹಾಕಿಲ್ಲ. ಜನ ಮುಳುಗಿ ಎದ್ದು ದಂಡೆ ಹತ್ತುವವರೆಗೂ ಮಾದಪ್ಪನಿಗೆ ಬೆನ್ನು. ದೇವರು ಮುನಿಸಿಕೊಳ್ಳುವುದಿಲ್ಲವೇ ಎಂದು ಒಮ್ಮೆ ಯಾರೋ ಕೇಳಿದರಂತೆ. "ಮುನಿಸ್ಕಂಡ್ರ ಮುನಿಸ್ಕಳ್ಲಿ. ಅವನು ಬೆಟ್ಟ ಬುಟ್ಟು ಎಲ್ಲೂ ಓಗಕಿಲ್ಲ. ಈ ಸಮುದ್ರವ ಅಂಗ ನಂಬೋಕಾಯ್ತದಾ?" ಹೆಂಡತಿ ಸೋಮಮ್ಮನ ದೂರೇ ಬೇರೆ: "ನಿದ್ದೇಲೂವೆ 'ಬಂತು, ಇಡ್ಕಳಿ' ಅಂತ ಕೂಗ್ತರ. ಆನೆ ಬಂತೇನೋ ಅಂದ್ಕಂಡು ನಾನು ಬ್ಯಾಟ್ರಿ ಇಡ್ಕಂಡು ಎದ್ದು ಕೂತ್ಕತಿನಿ."

ನಿನ್ನೆ ಬೆಳಿಗ್ಗೆಯೂ ಪುಟ್ಟಸಿದ್ದಯ್ಯ ಎಂದಿನಂತೆ ಮುಳ್ಳೂರಿನ ಜಗಲಿಯ ಮುಂದೆ ನಿಂತಿದ್ದರು. ಎಂದಿನಂತೆ ಮಾತಿಲ್ಲ. ತಿರುಗಿ ನಾಲ್ಕು ಹೆಜ್ಜೆ ಹಾಕಿರಬೇಕು, ಹಿಂದಿನಿಂದ ದನಿ ಬಂತು: "ಸೀಟ್ ಅದಾ?" ಹತ್ತೊಂಬತ್ತು ವರ್ಷದಲ್ಲಿ ಶಿವರತ್ನಮ್ಮ ಅವರೊಡನೆ ಆಡಿದ ಮೊದಲ ಮಾತು ಅದು. ಸೀಟು ಇರಲಿಲ್ಲ. ನಲವತ್ತೆಂಟೂ ಭರ್ತಿಯಾಗಿದ್ದವು. "ಅದೆ ಕನಕ್ಕ, ಇಲ್ದೆ ಏನು" ಎಂದು ಕರೆತಂದು, ಬಾಗಿಲ ಬಳಿಯ ತಮ್ಮ ಸೀಟಿನಲ್ಲಿ ಕೂರಿಸಿ, ತಾವು ಅಕ್ಕಿಮೂಟೆಯ ಮೇಲೆ ಕೂತು ಬಂದರು. ದಾರಿಯುದ್ದಕ್ಕೂ ಚಿನ್ನಸ್ವಾಮಿ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ ನೋಡಿ ಕೊನೆಗೆ ಟೇಪು ಆಫ್ ಮಾಡಿಬಿಟ್ಟರು.

ಈಗ ದಂಡೆಯಲ್ಲಿ ಬೆಳಕಾಗಿದೆ. ನಲವತ್ತೆಂಟು ಜನ ಮೇಲೆ ಬಂದು ತಲೆ ಒರೆಸಿಕೊಳ್ಳುತ್ತಿದ್ದಾರೆ. ಪುಟ್ಟಸಿದ್ದಯ್ಯ ನೀರಿನಲ್ಲೇ ನಿಂತು ಒಮ್ಮೆ ಎಣಿಸಿ, ಮತ್ತೆ ಹಿಂದಿನಿಂದ ಎಣಿಸುತ್ತಾರೆ. ಸೊಂಟದ ಗಂಟಿಗೆ ಕೈ ಹಾಕುವ ಹೊತ್ತಿಗೆ ಶಿವರತ್ನಮ್ಮ ಚೀಲವನ್ನು ಬಂಡೆಯ ಮೇಲಿಟ್ಟು ಎದ್ದು, ಹಗ್ಗ ಹಿಡಿದುಕೊಂಡು ನೀರಿಗೆ ಇಳಿದು ಬರುತ್ತಾರೆ. ಪುಟ್ಟಸಿದ್ದಯ್ಯನ ಪಕ್ಕ ನಿಂತು ಕೇಳುತ್ತಾರೆ: "ಯಾವ ಜಾಗ?"

"ಇಲ್ಲೇ ಅಕ್ಕ. ನಾನು ನಿಂತಿವ್ನಲ್ಲ, ಇಲ್ಲೇ."

ಶಿವರತ್ನಮ್ಮ ಸೆರಗಿನ ಗಂಟು ಬಿಚ್ಚಿ ಬೆಟ್ಟದಿಂದ ತಂದಿದ್ದ ವಿಭೂತಿಯನ್ನು ಆ ನೀರಿಗೆ ಬಿಡುತ್ತಾರೆ. ಅಳುವುದಿಲ್ಲ. ಅದು ಕರಗಿ ಹೋಗುವವರೆಗೂ ನೋಡಿ ಆಮೇಲೆ ತಲೆ ಎತ್ತುತ್ತಾರೆ.

"ಬೆಟ್ಟ ಯಾವ ಕಡೆಗ ಬತ್ತದ?"

ಪುಟ್ಟಸಿದ್ದಯ್ಯನ ಬಲಗೈ ನಿಧಾನವಾಗಿ ನೀರಿನಿಂದ ಮೇಲೆ ಬರುತ್ತದೆ, ಚಾಚಿಕೊಳ್ಳುತ್ತದೆ. ಹತ್ತೊಂಬತ್ತು ವರ್ಷದ ಮೇಲೆ ಮತ್ತೆ ಅದೇ ದಿಕ್ಕು. ಶಿವರತ್ನಮ್ಮ ಅತ್ತ ಒಮ್ಮೆ ನೋಡಿ ಕೈ ಮುಗಿಯುತ್ತಾರೆ, ಆದರೆ ಮುಳುಗು ಹಾಕುವುದಿಲ್ಲ. ಕಡಲಿಗೆ ಮುಖ ಮಾಡಿ, ಕಾಲು ಅಗಲಿಸಿ ನಿಲ್ಲುತ್ತಾರೆ, ಇಷ್ಟು ಹೊತ್ತೂ ಪುಟ್ಟಸಿದ್ದಯ್ಯ ನಿಂತಿದ್ದ ಹಾಗೆಯೇ.

"ನೀ ತಿರುಗ್ಕ. ಸಮುದ್ರವ ನಾ ನೋಡ್ಕತಿನಿ."

"ಬ್ಯಾಡಿ ಅಕ್ಕ..."

"ತಿರುಗ್ಕ ಅಂದೆ ತಾನೆ. ನಿನ್ನ ಬೆನ್ನ ನೋಡಿ ನೋಡಿ ಮಾದಪ್ಪನ್ಗೂ ಸಾಕಾಗಿರ್ತದ."

ಪುಟ್ಟಸಿದ್ದಯ್ಯ ತಿರುಗುತ್ತಾರೆ. ಒಂದು ಕೈ ಹಗ್ಗದ ಮೇಲೆ. "ಬಂತು, ಇಡ್ಕ!" ಎಂದು ಶಿವರತ್ನಮ್ಮ ಕೂಗುತ್ತಾರೆ, ಅಲೆ ಬಡಿದು ಹೋಗುತ್ತದೆ. ಒಂದು ಮುಳುಗು. ಮತ್ತೊಂದು ಅಲೆ, ಎರಡನೆಯ ಮುಳುಗು. ಮೂರನೆಯದಕ್ಕೆ ಅವರ ಮಂಡಿ ಬಗ್ಗುವುದಿಲ್ಲ. ಕಣ್ಣು ಬಿಟ್ಟುಕೊಂಡು, ಬೆಟ್ಟದ ಕಡೆ ನೋಡುತ್ತ ನಿಂತೇ ಬಿಡುತ್ತಾರೆ. ಒಂದು ಅಲೆ ಬಂದು ಹೋಗುತ್ತದೆ, ಇನ್ನೊಂದೂ ಹೋಗುತ್ತದೆ.

ಶಿವರತ್ನಮ್ಮ ಕಡಲಿನಿಂದ ಕಣ್ಣು ತೆಗೆಯುವುದಿಲ್ಲ. ಎಡಗೈಯನ್ನು ಮಾತ್ರ ಹಿಂದಕ್ಕೆ ಚಾಚಿ ಪುಟ್ಟಸಿದ್ದಯ್ಯನ ರಟ್ಟೆಯನ್ನು ಗಟ್ಟಿಯಾಗಿ ಹಿಡಿಯುತ್ತಾರೆ.

"ಇನ್ನೊಂದು ಮುಳುಗು ಅದ. ನಾ ನೋಡ್ತಾ ಇವ್ನಿ" ಎನ್ನುತ್ತಾರೆ. "ಓಗ್ಬಾ."

ಪುಟ್ಟಸಿದ್ದಯ್ಯ ಮುಳುಗುತ್ತಾರೆ. ನೀರು ತಲೆಯ ಮೇಲೆ ಕೂಡಿಕೊಳ್ಳುತ್ತದೆ. ದಂಡೆಯ ಜನ ತಲೆ ಒರೆಸುವುದನ್ನೂ ಬಿಟ್ಟು ನೋಡುತ್ತಾರೆ. ಆಮೇಲೆ ನೆರೆತ ಕೂದಲಿನ ತಲೆಯೊಂದು ನೀರು ಸುರಿಸುತ್ತ ಮೇಲೆ ಬಂದು, ಬಾಯಿಗೆ ನುಗ್ಗಿದ ಉಪ್ಪುನೀರನ್ನು ಉಗಿದು ಹೇಳುತ್ತದೆ:

"ಬಂದೆ ಕನಕ್ಕ."