ಹೋಗು ಎನ್ನುತ್ತಿದ್ದ ಮಾದಯ್ಯನವರು

ಶಾಲೆಯ ಸೆಕ್ರೆಟರಿಯವರ ಕಾರು ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ ಮಾದಯ್ಯನವರ ಕೈ ಅಂಗಿಯ ಕತ್ತಿನ ಗುಂಡಿಗೆ ಹೋಗುತ್ತಿತ್ತು. ನಮಗೆ ಯಾರಿಗೂ ಸದ್ದು ಕೇಳಿಸಿರುತ್ತಿರಲಿಲ್ಲ. ಅವರು ಗುಂಡಿ ಹಾಕಿಕೊಂಡರೆಂದರೆ ಸ್ಟಾಫ್ ರೂಮಿನಲ್ಲಿ ಮಾತು ನಿಂತುಬಿಡುತ್ತಿತ್ತು. ಕೊಳ್ಳೇಗಾಲದ ಆ ಖಾಸಗಿ ಶಾಲೆಗೆ ಅವರು ಹದಿನಾರು ವರ್ಷದಿಂದ ಗುಮಾಸ್ತರು. ಮುಳ್ಳೂರಿನಿಂದ ಸೈಕಲ್ಲಿನಲ್ಲಿ ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದ ಮೇಲೆ ಹೊರಡುವವರು.

ಗಣಿತದ ಟೀಚರ್ ಕೆಲಸ ಕೇಳಿಕೊಂಡು ನಾನು ಯಳಂದೂರಿನಿಂದ ಹೋದ ದಿನ ನೀರು ತಂದುಕೊಟ್ಟವರು ಅವರೇ. ಲೋಟ ಕೊಡುತ್ತಾ ತುಟಿ ಅಲುಗದಂತೆ ಅಂದರು: "ಅಸಲಿ ಮಾರ್ಕ್ಸ್ ಕಾರ್ಡ್ ಕೇಳ್ತಾರೆ ಕಣವ್ವ. ಮನೇಲದೆ ಅನ್ನು."

ಒಳಗೆ ಸೆಕ್ರೆಟರಿಯವರು, "ನಮ್ಮದು ಬರೀ ಸ್ಕೂಲಲ್ಲಮ್ಮ, ಒಂದು ಕುಟುಂಬ" ಎಂದರು. ನನಗೆ ಮೊದಲ ಕೆಲಸದ ಆಸೆ. ಮಾರ್ಕ್ಸ್ ಕಾರ್ಡುಗಳನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವು ಕಬ್ಬಿಣದ ಬೀರುವಿಗೆ ಹೋದವು. ಬೀಗ ಹಾಕಿದ ಮಾದಯ್ಯನವರು ನನ್ನ ಕಡೆ ತಿರುಗಲಿಲ್ಲ.

ಆಮೇಲೆ ಒಂದು ದಿನ, ಬುತ್ತಿ ಬಿಚ್ಚುತ್ತಾ ಅವರೇ ಹೇಳಿದರು: "ಎಲ್ಲಿಗಾರ ಕೆಲ್ಸಕ್ಕೆ ಓದ್ರೆ ಮೊದ್ಲು ಅಲ್ಲಿರೋರ ನೋಡವ್ವ. ನಗಾಡ್ತಾ ಕೂತಿದ್ರೆ ಸೇರ್ಕೊ. ಬಾಗ್ಲು ಕಡೆ ನೋಡ್ಕಂಡು ಮಾತಾಡ್ತಾ ಇದ್ರೆ ಬಂದ ದಾರೀಲೇ ವಾಪಸ್ ಓಗು. ಮೊದಲ್ನೇ ದಿನವೇ ಕುಟುಂಬ ಅಂದ್ರೆ, ರಜಾ ಕೊಡಾಕಿಲ್ಲ ಅಂತ ತಿಳ್ಕೊ." ಹೇಳಿ ತಾವೇ ನಕ್ಕರು, ಸದ್ದಿಲ್ಲದೆ.

ಶನಿವಾರದ ಮೀಟಿಂಗಿನಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಒಂದು ತಪ್ಪು ಹೇಳಬೇಕಿತ್ತು. ಹೇಳದವರೇ ತಪ್ಪಿತಸ್ಥರು. ಮೊದಲ ತಿಂಗಳು ನಾನು ಬಾಯಿ ಬಿಡಲಿಲ್ಲ. ಎರಡನೇ ತಿಂಗಳು, ದಿನಾ ನನಗೆ ಉಪ್ಪಿನಕಾಯಿ ಹಂಚುತ್ತಿದ್ದ ಹಿಂದಿ ಟೀಚರ್ ಎರಡು ದಿನ ತಡವಾಗಿ ಬಂದರೆಂದು ಹೇಳಿದೆ. ಮಗುವಿಗೆ ಜ್ವರವಿದ್ದದ್ದು ನನಗೆ ಗೊತ್ತಿತ್ತು. ಆಕೆ ತಲೆ ತಗ್ಗಿಸಿದಳು.

ಸಂಜೆ ಗೇಟಿನ ಹತ್ತಿರ ಮಾದಯ್ಯನವರು ಸೈಕಲ್ ನಿಲ್ಲಿಸಿದರು. "ಬೈಸ್ಕೊಳೋದು ದೊಡ್ದಲ್ಲ ಕಣವ್ವ. ಇವತ್ತು ನೀನು ಮಾಡ್ದ್ಯಲ್ಲ, ಅದು ರೂಢಿ ಆಯ್ತದೆ. ಆಗೋಕ್ಮುಂಚೆ ಓಗು."

"ನೀವ್ಯಾಕೆ ಹೋಗಲಿಲ್ಲ ಸಾರ್?"

"ನಂಗೆ ಆಗೋಗದೆ."

ಹನೂರಿನ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಸೋಮವಾರವೇ ಅಸಲಿ ದಾಖಲೆ ತೋರಿಸಬೇಕು. ಸೆಕ್ರೆಟರಿಯವರು, "ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ" ಎಂದು ಕೈ ಬೀಸಿದರು. ಪರೀಕ್ಷೆಗೆ ಇನ್ನೂ ಐದು ತಿಂಗಳಿತ್ತು. ಖಾಲಿ ತರಗತಿಯೊಂದರಲ್ಲಿ ಕೂತು ಅತ್ತೆ. ಶುಕ್ರವಾರ ಮಧ್ಯಾಹ್ನ ಮಾದಯ್ಯನವರು ಕರೆದರು. ಬೀರು ತೆರೆದು, ನನ್ನ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ರಿಜಿಸ್ಟರಿನಲ್ಲಿ 'ಕೊಟ್ಟವರು' ಎಂಬಲ್ಲಿ ತಮ್ಮ ಪೂರ್ತಿ ಹೆಸರು ಬರೆದರು.

"ನಿಮಗೆ ತೊಂದರೆ ಆಗುತ್ತೆ ಸಾರ್."

"ಇನ್ನೇನ್ ಮಾಡಾರು ನಂಗೆ? ನಡಿ, ಬಸ್ ಓಯ್ತದೆ."

ಏನು ಮಾಡಿದರೆಂದು ಹಿಂದಿ ಟೀಚರ್ ಫೋನಿನಲ್ಲಿ ಹೇಳಿದಳು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ಮಕ್ಕಳೆಲ್ಲರ ಮುಂದೆ, ಮಾದಯ್ಯನವರಿಂದ ಮೈಕಿನಲ್ಲಿ ಕ್ಷಮೆ ಕೇಳಿಸಿದರಂತೆ. ಧ್ವನಿ ಸಾಲದೆಂದು ಎರಡು ಸಲ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮರುವರ್ಷ ನಮ್ಮ ಶಾಲೆಯಲ್ಲೇ ಗುಮಾಸ್ತರ ಜಾಗ ಖಾಲಿಯಾದಾಗ ಮುಖ್ಯೋಪಾಧ್ಯಾಯಿನಿಯವರಿಗೆ ಅವರ ವಿಷಯ ಹೇಳಿದೆ. ಬಹಳ ಬಲವಂತ ಮಾಡಿದ ಮೇಲೆ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು. ಮುಖ್ಯೋಪಾಧ್ಯಾಯಿನಿಯವರು ಕಾಫಿ ತರಿಸಿದರು, ಮಕ್ಕಳು ಎಷ್ಟು ಎಂದು ಕೇಳಿದರು, ಒಂದನೇ ತಾರೀಖಿನಿಂದ ಬನ್ನಿ ಎಂದರು. ಸ್ಟಾಫ್ ರೂಮಿನಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ನಾನು ಹೆಮ್ಮೆಯಿಂದ ಅವರ ಮುಖ ನೋಡಿದೆ. ಅವರು ಕಾಫಿ ಮುಟ್ಟಿರಲಿಲ್ಲ.

ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಕೊಳ್ಳೇಗಾಲದ ಬಸ್ಸು ಹೊರಡುವ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತು ಹೇಳಿದರು: "ಒಳ್ಳೇ ಜನ ಕಣವ್ವ. ನೀನು ಇಲ್ಲೇ ಇರು. ನಾನು ಬರಾಕಿಲ್ಲ."

"ಯಾಕೆ ಸಾರ್? ಇಲ್ಲಿ ಯಾರೂ ಬೈಯುವುದಿಲ್ಲ."

"ಅದೇ ಕಣವ್ವ. ಯಾವಾಗ ಬೈತಾರೋ ಅಂತ ಕಾಯ್ಕಂಡು ಕೂತ್ಕಬೇಕಲ್ಲ. ಅಲ್ಲಾದ್ರೆ ಟೈಮ್ ಗೊತ್ತದೆ."

ಬಸ್ಸು ಹೊರಟಿತು. ಸೀಟುಗಳು ಖಾಲಿಯಿದ್ದವು. ಕಾಣುವಷ್ಟು ದೂರವೂ ಅವರು ಕಂಬಿ ಹಿಡಿದು ನಿಂತೇ ಇದ್ದರು.